ಅಳತೆ ತಪ್ಪಿದ ಫ್ರಾಕು

ಚಾಚಿಯ ಎಡಗೈ ತೋರುಬೆರಳಿನ ಉಗುರು ನಟ್ಟನಡುವೆ ಸೀಳಿತ್ತು. ಎಂದೋ ಮಿಷನ್ನಿನ ಸೂಜಿ ಅದರ ಮೇಲೆ ಹಾದುಹೋಗಿತ್ತಂತೆ. ಆ ಸೀಳಿನಲ್ಲಿ ಸದಾ ಒಂದೆಳೆ ದಾರ ಸಿಕ್ಕಿಕೊಂಡಿರುತ್ತಿತ್ತು.

ಬಸವಕಲ್ಯಾಣದ ನಮ್ಮ ಓಣಿಯ ಮೂಲೆಯಲ್ಲಿ ಅವಳ ಹೊಲಿಗೆ ಅಂಗಡಿ. ಓಣಿಗೆಲ್ಲ ಅವಳು ಚಾಚಿ, ಚಿಕ್ಕಮ್ಮ. ನಾನು ಮೊಬೈಲಿನಲ್ಲಿ ವಿಡಿಯೋ ನೋಡಿ ಹೊಲಿಗೆ ಕಲಿತವಳು. ಆ ಹುಮ್ಮಸ್ಸಿನಲ್ಲಿ ಒಂದು ದಿನ ಕೇಳದೇ ಹೋಗಿ ಅವಳ ಎರಡನೇ ಮಿಷನ್ನಿನ ಮುಂದೆ ಕೂತುಬಿಟ್ಟೆ.

"ಬಂದಳ್ರಿ ಮೊಬೈಲ್ ಉಸ್ತಾದ್! ಚಾರ್ಜ್ ಮುಗದ್ರ ಹೊಲಿಗಿ ಬಿಚ್ಚತದೇನು ಬೇಟಿ?" ಎಂದು ನಕ್ಕಳು. ಎಬ್ಬಿಸಲಿಲ್ಲ.

ದೀಪಾವಳಿ ಹತ್ತಿರ ಬಂತೆಂದರೆ, ಕೂಲಿಗೆ ಹೋಗುವವರ ಮಕ್ಕಳನ್ನು "ಬಾ ಇಲ್ಲಿ, ಬೆನ್ನಿಗಿ ಧೂಳ ಹತ್ತ್ಯದ" ಎಂದು ಕರೆದು ಬೆನ್ನು ಒರೆಸುತ್ತಿದ್ದಳು. ಧೂಳೇನೂ ಇರುತ್ತಿರಲಿಲ್ಲ. ಅಂಗೈ ಭುಜದಿಂದ ಭುಜಕ್ಕೆ, ಕುತ್ತಿಗೆಯಿಂದ ಮೊಣಕಾಲಿಗೆ ಹಾದರೆ ಅಳತೆ ಮುಗಿಯಿತು. ತಾನೇ ಕೊಂಡ ಬಟ್ಟೆಯಲ್ಲಿ ಹೊಲಿದು, ಹಬ್ಬದ ಹಿಂದಿನ ದಿನ ಆ ಮಗುವಿನ ತಾಯಿಯನ್ನು ಕರೆದು ತನ್ನನ್ನೇ ಬೈದುಕೊಳ್ಳುವಳು.

"ನೋಡವಾ, ಮತ್ತ ಅಳತಿ ತಪ್ಪ್ಯದ. ಗಿರಾಕಿ ಬ್ಯಾಡಂತ ಒಗದು ಹೋದ್ರು. ನಿನ್ನ ಮಗಳಿಗಿ ಬಂದ್ರ ಒಯ್ಯಿ, ಇಲ್ಲಂದ್ರ ಮಿಷನ್ ಒರಸ್ಲಾಕರ ಆಗ್ತದ."

ಅದು ಮಗುವಿಗೆ ಹೇಳಿ ಹೊಲಿಸಿದಂತೆ ಕೂರುತ್ತಿತ್ತು. ಕೂರದೇ ಏನು!

"ಸುಮ್ನ ಕೊಟ್ರ ಏನಾಗ್ತದ ಚಾಚಿ?" ಎಂದು ಕೇಳಿದೆ.

"ಸುಮ್ನ ಕೊಟ್ಟಿದ್ದು ಹಾಕ್ಕೊಂಡ ಪೋರಿ ತಲಿ ಬಗ್ಗಿಸಿ ತಿರಗ್ತಾಳ. ಹಬ್ಬದಾಗ ಕುಣಿಬೇಕಲ್ಲ ಬೇಟಿ."

ಓಣಿ ಅವಳ ಸುಳ್ಳನ್ನು ಪೂರ್ತಿ ನಂಬಿತು. ಪ್ರತಿ ಹಬ್ಬಕ್ಕೂ ಬಟ್ಟೆ ಕೆಡಿಸುವ ಟೇಲರಿಗೆ ಮದುವೆಯ ಬ್ಲೌಸು ಯಾರು ಕೊಡುತ್ತಾರೆ? ಮೊದಲು ದೊಡ್ಡ ಗಿರಾಕಿಗಳು ಹೋದರು. ಆಮೇಲೆ ಪಕ್ಕದ ಮನೆಯವರೂ ಬಸ್ಸು ಹತ್ತಿ ಹುಮನಾಬಾದಿಗೆ ಬಟ್ಟೆ ಒಯ್ಯತೊಡಗಿದರು.

"ನಾ ಎಲ್ಲಾರಿಗಿ ಖರೆ ಹೇಳಿಬಿಡ್ತೀನಿ" ಎಂದೆ ಸಿಟ್ಟಿನಿಂದ.

ಚಾಚಿ ಕತ್ತರಿ ಕೆಳಗಿಟ್ಟಳು. "ಹೇಳು. ನನ್ನ ಅಂಗಡಿ ಉಳೀತದ, ಆ ಪೋರಿ ಫ್ರಾಕ್ ಬಿಚ್ಚಿಡ್ತಾಳ. ಬಾಯಿ ಮುಚ್ಕೊಂಡು ಗುಂಡಿ ಹಚ್ಚು."

ಕಳೆದ ದೀಪಾವಳಿಗೆ ಒಬ್ಬ ಗಿರಾಕಿಯೂ ಬರಲಿಲ್ಲ. ನಾನು ಕೂರುತ್ತಿದ್ದ ಮಿಷನ್ನು ಅಷ್ಟರಲ್ಲಿ ಮಾರಿಹೋಗಿತ್ತು. ಈದಿಗೆಂದು ಎತ್ತಿಟ್ಟುಕೊಂಡಿದ್ದ ತನ್ನ ಹೊಸ ಬಟ್ಟೆಯನ್ನೇ ಕತ್ತರಿಸಿ ಒಂದು ಫ್ರಾಕು ಹೊಲಿದಳು. ಆದರೆ ಗಿರಾಕಿಯೇ ಇಲ್ಲದವಳ ಬಳಿ ಅದನ್ನು ಒಗೆದು ಹೋದವರು ಯಾರು? ಎದುರುಮನೆಯವಳನ್ನು ಕರೆದು, "ಹುಮನಾಬಾದ್ ಗಿರಾಕಿದವಾ" ಎಂದಳು.

"ಅಯ್ಯ, ಆ ಊರ ಮಂದಿಗಿನೂ ಬಿಡಲಿಲ್ಲೇನ್ ಚಾಚಿ?" ಎಂದು ಅವಳು ನಕ್ಕಳು. ಚಾಚಿ ಇನ್ನೂ ಜೋರಾಗಿ ನಕ್ಕಳು. ಸಂಜೆ ಫ್ರಾಕು ಹಾಕಿಕೊಂಡ ಎದುರುಮನೆಯ ಹುಡುಗಿ ಓಣಿಯ ತುಂಬ ಕುಣಿದಳು.

ಚಳಿಗಾಲದಲ್ಲಿ ಚಾಚಿಗೆ ಜ್ವರ ಬಂತು. ಅದು ಎದೆಗಿಳಿಯಿತು. ಮುಚ್ಚಿದ ಅಂಗಡಿ ಮತ್ತೆ ತೆರೆಯಲಿಲ್ಲ.

ಚಾಚಿ ತೀರಿಕೊಂಡ ದಿನ ಹೆಂಗಸರೆಲ್ಲ ಅವಳ ಅಂಗಳದಲ್ಲಿ ಸೇರಿದ್ದರು. ಎದುರುಮನೆಯವಳು ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಕಣ್ಣು ಒರೆಸಿಕೊಂಡಳು.

"ಮನಸ್ಸು ಬಂಗಾರ ಇತ್ತು ಪಾಪ. ಅಳತಿ ಒಂದು ಬರ್ತಿದ್ದಿಲ್ಲ."

ಉಳಿದವರು ಹೌದೆಂದು ತಲೆಯಾಡಿಸಿದರು. ಹುಡುಗಿಯ ಮೈಮೇಲೆ ಅದೇ ಫ್ರಾಕು, ಭುಜಕ್ಕೆ ಒಂದು ನೂಲಿನಷ್ಟೂ ಹೆಚ್ಚುಕಮ್ಮಿ ಇಲ್ಲ. ನಿಜ ಹೇಳಿದರೆ ಅವಳು ಅದನ್ನು ಬಿಚ್ಚಿಡುತ್ತಾಳೆಂದು ನಾನೂ ತಲೆಯಾಡಿಸಿದೆ.

ಇಲ್ಲಿ ಯಾರ ಹೆಸರನ್ನೂ ಬರೆಯದಿರುವುದು ಅದಕ್ಕೇ. ಆ ಫ್ರಾಕಿನ ಅಂಚಿನೊಳಗೆ ಚಾಚಿ ಮಡಚಿಟ್ಟ ಬಟ್ಟೆಯಿದೆ. ಹುಡುಗಿ ಬೆಳೆದಾಗ ಅಂಚು ಬಿಚ್ಚಿದರೆ ಇನ್ನೊಂದು ದೀಪಾವಳಿಗೆ ಬರುತ್ತದೆ. ಅದರ ಮುಂದಿನದಕ್ಕೆ ಬರುವುದಿಲ್ಲ.