ಬೆಲ್‌ಗ್ರೇಡಿನ ಅತಿಥಿಗೆ ಪುಂಗೋಲಿನ ಬೆಲ್ಲ

"ಇಲ್ಲ, ಅನುಮತಿ ಕೊಡಲ್ಲ."

ಸರ್ಬಿಯಾದ ಕಾದಂಬರಿಕಾರ್ತಿ ಮಿಲೆನಾ ನಗುತ್ತಲೇ ಹೀಗಂದಾಗ, ರಾಫೆಲ್ಸ್ ಪ್ಲೇಸ್‌ನ ಕಾಫಿ ಶಾಪಿನ ಏಸಿಗಿಂತ ನಾನೇ ಹೆಚ್ಚು ತಣ್ಣಗಾದೆ!

ಅವರು ವರ್ಷಗಟ್ಟಲೆ ಯುದ್ಧದ ವರದಿ ಬರೆದ ಪತ್ರಕರ್ತೆ. ಸಾಹಿತ್ಯೋತ್ಸವಕ್ಕೆಂದು ಸಿಂಗಾಪುರಕ್ಕೆ ಬಂದಿದ್ದರು. ನಾನೋ, ಬ್ಯಾಂಕಿನ ಸಾಫ್ಟ್‌ವೇರ್ ತಿದ್ದುವವನು. ವೀಕೆಂಡ್‌ಗಳನ್ನೆಲ್ಲ ಸುರಿದು ಅವರ ಕಾದಂಬರಿಯನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತಂದಿದ್ದೆ; ಅಚ್ಚು ಹಾಕಿಸಲು ಅವರ ಒಪ್ಪಿಗೆ ಬೇಕಿತ್ತು.

ಅವರು ಒಪ್ಪದಿದ್ದರೆ ಅದು ಬಜ್ಜಿ ಕಟ್ಟಲಿಕ್ಕೂ ಬಾರದು... ಎಲ್ಲಾ ಲ್ಯಾಪ್‌ಟಾಪಿನಲ್ಲಿದೆ!

"ಇಂಗ್ಲಿಷ್ ಅನುವಾದವೇ ಜೆರಾಕ್ಸ್. ನಿಮ್ಮದು ಜೆರಾಕ್ಸಿನ ಜೆರಾಕ್ಸ್" ಎಂದರು.

ಆದರೆ ಪತ್ರಕರ್ತೆಯ ಚಟ ಬಿಡುತ್ತದೆಯೇ? "ಹೋಟೆಲ್ ನೋಡಿ ಸಾಕಾಯ್ತು, ಜನ ಇರೋ ಮನೆ ತೋರಿಸಿ" ಎಂದರು. ಎಂಆರ್‌ಟಿ ರೈಲು ಹತ್ತಿಸಿದೆ. ಪುಂಗೋಲಿನ ನಮ್ಮ ಮನೆ ತಲುಪುವಷ್ಟರಲ್ಲಿ ಅವರು ನನ್ನ ಸಂದರ್ಶನವನ್ನೇ ಮುಗಿಸಿದ್ದರು... ಹೆಂಡತಿ ಹತ್ತಿರ ಯಾವ್ಯಾವುದಕ್ಕೆ ಬೈಸಿಕೊಳ್ಳುತ್ತೇನೆ ಎಂಬುದೂ ಸೇರಿ.

ಬಾಗಿಲು ತೆಗೆದವರು ಮೈಸೂರಿನಿಂದ ಬಂದಿದ್ದ ನಮ್ಮತ್ತೆ.

"ಅಳಿಯಂದ್ರೇ, ಬಿಸಿಲಲ್ಲಿ ಬಂದೋರನ್ನ ನಿಲ್ಲಿಸ್ಕೊಂಡೇ ಮಾತಾಡ್ತೀರಲ್ಲ! ಕೂತ್ಕೊಳಮ್ಮ ನೀನು."

ಬಂದೇ ಬಿಟ್ಟಿತು... ತಟ್ಟೆಯಲ್ಲಿ ಕುಟ್ಟಿದ ಬೆಲ್ಲ, ಒಂದು ಚಮಚ, ಒಂದು ಲೋಟ ನೀರು. ಬೆಲ್‌ಗ್ರೇಡಿನವರಿಗೆ ಬೆಲ್ಲ ಯಾವ ಗ್ರೇಡಿನದೆಂದು ಹೇಗೆ ತಿಳಿಯಬೇಕು? ಜ್ಯೂಸ್ ಕೊಡಬಾರದೇ ಎಂದು ನಾನು ಕಣ್ಣಲ್ಲೇ ಅತ್ತೆಯನ್ನು ಬೇಡಿಕೊಳ್ಳುತ್ತಿದ್ದೇನೆ.

ಮಿಲೆನಾ ಒಂದು ಚಮಚ ಬೆಲ್ಲ ಬಾಯಿಗೆ ಹಾಕಿಕೊಂಡರು. ನೀರು ಕುಡಿದರು. ಆಮೇಲೆ ಆ ಚಮಚವನ್ನು ಲೋಟದೊಳಗೇ ಇಟ್ಟರು.

"ಅಯ್ಯೋ, ಎಂಜಲು!" ಅತ್ತೆ ಪಿಸುಗುಟ್ಟಿದರು.

ನನಗೆ ಮೈ ಜುಮ್ಮೆಂದಿತು! ಅವರ ಕಾದಂಬರಿಯ ಮೊದಲ ಪುಟವೇ ಇದು. ಮನೆ ಕಳೆದುಕೊಂಡು ಬಂದ ಅಪರಿಚಿತನಿಗೆ ಅಜ್ಜಿಯೊಬ್ಬಳು ಒಂದು ಚಮಚ ಸಿಹಿ, ಒಂದು ಲೋಟ ನೀರು ಕೊಡುತ್ತಾಳೆ. ತಿಂದವನು ಚಮಚವನ್ನು ಲೋಟದಲ್ಲಿ ಇಡುತ್ತಾನೆ... ಅದು ಅವರ ಕಡೆಯ ಪದ್ಧತಿ.

"ನಿಮ್ಮ ಅನುವಾದದಲ್ಲಿ ಅಜ್ಜಿ ಏನು ಕೊಡ್ತಾಳೆ?" ಮಿಲೆನಾ ಕೇಳಿದರು.

"ಜಾಮ್..." ಎಂದೆ. ಇಂಗ್ಲಿಷಿನಲ್ಲಿ ಹಾಗೇ ಇತ್ತು. ಟ್ರಾಫಿಕ್ಕಿಲ್ಲದ ಪುಂಗೋಲಿನಲ್ಲೂ ನಾನು ಜಾಮಿನಲ್ಲಿ ಸಿಕ್ಕಿಕೊಂಡಿದ್ದೆ!

"ಜಾಮ್ ಅಂದ್ರೆ ಬೆಳಗಿನ ತಿಂಡಿ. ಇದು ಸ್ವಾಗತ" ಎಂದು ಅವರು ಅತ್ತೆಯ ಕೈ ಹಿಡಿದುಕೊಂಡರು. "ಇಡೀ ಪುಸ್ತಕ ಇವರಿಗೆ ಓದಿ ಹೇಳಿ. ಇವರು ಒಪ್ಪಿದ್ರೆ ನಾನೂ ಒಪ್ಪಿದ ಹಾಗೆ."

ಅರ್ಧ ಅನುಮತಿ ಸಿಕ್ಕಿತು ಕಣ್ರೀ! ಉಳಿದರ್ಧಕ್ಕಾಗಿ ಈಗ ದಿನಾ ಸಂಜೆ ಅತ್ತೆಯ ಮುಂದೆ ಓದುತ್ತಿದ್ದೇನೆ. "ಹೀಗೆ ಯಾರು ಮಾತಾಡ್ತಾರೆ ಅಳಿಯಂದ್ರೇ?" ಎಂದು ನಿನ್ನೆಯೂ ಒಂದು ಪುಟ ವಾಪಸ್ ಬಂತು.

ಅಂದಹಾಗೆ, ನಿಮ್ಮ ಮನೆಗೆ ಬಂದವರಿಗೆ ಈಗ ಮೊದಲು ಏನು ಕೊಡುತ್ತೀರಿ... ವೈಫೈ ಪಾಸ್‌ವರ್ಡಾ?