ಕೊಬ್ಬರಿ ಅಟ್ಟದ ಭಾರ

ನಾನು ಕಟ್ಟಡಗಳ ಎಂಜಿನಿಯರ್. ಪಂಚನಹಳ್ಳಿಯ ತೋಟದ ಮನೆಯೊಂದಕ್ಕೆ ಕೊಬ್ಬರಿ ಅಟ್ಟ ಡಿಸೈನ್ ಮಾಡಬೇಕಿತ್ತು. ಅಟ್ಟಕ್ಕೇರಿಸಿದ ತೆಂಗಿನಕಾಯಿ ಒಳಗಿನ ನೀರು ಇಂಗಿ ಕೊಬ್ಬರಿಯಾಗಲು ಸುಮಾರು ಒಂದು ವರ್ಷ ಬೇಕು. ನಾನು ಬುದ್ಧಿವಂತ ನೋಡಿ, ತಿಂಗಳು ತಿಂಗಳೂ ಕಾಯಿಯ ತೂಕ ಇಳಿಸುತ್ತಾ, ಬೀಮಿನ ಅಳತೆ ಬದಲಿಸುತ್ತಾ, ಅಟ್ಟದ ಇನ್ನೂರು ಮಾಡೆಲ್‌ಗಳ ಲೆಕ್ಕವನ್ನು ಕಂಪ್ಯೂಟರ್ ತಾನೇ ಮಾಡುವಂಥ ಸ್ಕ್ರಿಪ್ಟ್ ಬರೆದೆ.

"ಪೂರ್ತಿ ಭಾರ ಮೊದಲೊಂದೆರಡು ತಿಂಗಳು ಮಾತ್ರ, ಆಮೇಲೆ ಇಳೀತಾ ಹೋಗೋದ್ರಿಂದ ಬೀಮು ಬರ್ತಾ ಬರ್ತಾ ಅಷ್ಟು ಬಾಗಲ್ಲಮ್ಮ, ತೆಳ್ಳಗಿದ್ರೂ ಸಾಕು" ಎಂದು ಲ್ಯಾಪ್‌ಟಾಪ್ ತೋರಿಸಿದೆ.

ಮನೆಯ ಯಜಮಾನಿ ಗಿರಿಜಮ್ಮ ಪರದೆಯನ್ನೇ ನೋಡಿ ಕೇಳಿದರು: "ಅಲ್ಲ ಕಣ್ರೀ, ಒಂದ್ಸಲ ಕಾಯಿ ಹಾಕಿ ವರ್ಷವಿಡೀ ಸುಮ್ನೆ ಕೂತಿರ್ತೀವಾ? ಎರಡು ತಿಂಗಳಿಗೊಂದ್ಸಲ ಕೀಳಿಸ್ತೀವಿ. ಹಳೇದು ಹಗುರಾಗೋ ಹೊತ್ತಿಗೆ ಹೊಸದು ಮೇಲೆ ಬಿದ್ದಿರುತ್ತೆ."

"ಮೊದಲೇ ಹೇಳಬಾರದಿತ್ತಾ ಅಮ್ಮ?"

"ನೀವು ಕೇಳಿದ್ದು ಒಂದು ಕಾಯಿ ಎಷ್ಟು ತೂಗುತ್ತೆ ಅಂತ. ಅದನ್ನ ಹೇಳಿದ್ನಲ್ಲ!"

ತೂಕ ಇಳಿಸುವ ಸಾಲನ್ನು ಅಳಿಸಿ, ಅಲ್ಲೇ ಜಗಲಿಯ ಮೇಲೆ ಸ್ಕ್ರಿಪ್ಟನ್ನು ಮತ್ತೆ ಓಡಿಸಿದೆ. ಬೀಮು ದಪ್ಪಗಾಯಿತು, ನನ್ನ ಮುಖ ಸಣ್ಣಗಾಯಿತು.

ಹೊರಡುವಾಗ ಗಿರಿಜಮ್ಮ ಹಳೇ ಅಟ್ಟದಿಂದ ಒಂದು ಒಣಗಿದ ಕಾಯಿ ತಂದುಕೊಟ್ಟರು. "ಕಿವಿ ಹತ್ರ ಹಿಡ್ಕಂಡು ಅಲ್ಲಾಡಿಸಿ. ಒಳಗೆ ಗಡಗಡ ಅಂದ್ರೆ ಕೊಬ್ಬರಿ ಚಿಪ್ಪು ಬಿಟ್ಟು ಬಲಿತಿದೆ ಅಂತ."

ಅದು ಗಡಗಡ ಅಂದಿತು. ಕಾರಿನಲ್ಲಿ ಕೂತು, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ನನ್ನ ತಲೆಯನ್ನೂ ಒಮ್ಮೆ ಅಲ್ಲಾಡಿಸಿದೆ. ಏನೂ ಸದ್ದು ಬರಲಿಲ್ಲ.