ವಿಮಲಮ್ಮ ಆಂಟಿ ತಿಕ್ಕಿದ ಬೋಲ್ಟು

ಮೊದಲೇ ಕ್ಷಮೆ ಕೇಳುತ್ತೇನೆ. ನನ್ನ ಅಕ್ಷರ ಸೊಟ್ಟ, ಗೊತ್ತಿರುವ ಪದಗಳೂ ಕಡಿಮೆ. ಹತ್ತನೇ ತರಗತಿಯಲ್ಲೇ ಶಾಲೆ ಬಿಟ್ಟವಳು. ಆದರೂ ವಿಮಲಮ್ಮ ಆಂಟಿಯ ಬಗ್ಗೆ ಒಂದು ಮಾತೂ ತಪ್ಪಬಾರದೆಂದು ನಿಧಾನವಾಗಿ ಬರೆಯುತ್ತಿದ್ದೇನೆ.

ಆಂಟಿ ಬ್ಯಾಡರಹಳ್ಳಿಯವರು. ಮನೆಯ ರಾಗಿ ಹೊಲ ಸೈಟುಗಳಾದ ಮೇಲೆ ಮಾಗಡಿ ರಸ್ತೆಯ ನಮ್ಮ ವರ್ಕ್‌ಶಾಪಿಗೆ ಸೇರಿದರು. ಲೋಹ ಕಡೆಯುವ ಲೇತಿನಿಂದ ಬಂದ ಬಿಡಿಭಾಗಗಳನ್ನು ಒರೆಸಿ ಕೊಡುವುದು ಅವರ ಕೆಲಸ, ಪ್ಯಾಕ್ ಮಾಡುವುದು ನನ್ನದು. ಕೊಳೆ ಕಂಡರೆ ಅವರಿಗಾಗದು. ಹೋಟೆಲಿನಿಂದ ಬಂದ ಟೀ ಲೋಟವನ್ನೂ ಮತ್ತೆ ತೊಳೆಯುತ್ತಾರೆ.

ಕಳೆದ ತಿಂಗಳು ದೊಡ್ಡ ಕೆಲಸ ಬಂತು. ಬಾಹ್ಯಾಕಾಶದಲ್ಲಿ ವಸ್ತುಗಳನ್ನು ತಯಾರಿಸುವ ಪುಟ್ಟ ಕುಲುಮೆಯ ಬಾಗಿಲಿಗೆ ಸ್ಟೀಲಿನ ಬೋಲ್ಟು, ನಟ್ಟು. ನಾವು ಮಾಡಿದ್ದನ್ನು ಮಾಲೀಕರಾದ ಗೋಪೀನಾಥ ಸಾರ್ ಎಲ್ಲಿಗೋ ಕಳಿಸಿ ತರಿಸಿದಾಗ ಅವು ಕಪ್ಪಗಾಗಿದ್ದವು. ಆಂಟಿ ಹುಣಸೆಹಣ್ಣು, ಬೂದಿ ಹಾಕಿ ದೇವರ ದೀಪ ತಿಕ್ಕಿದಂತೆ ತಿಕ್ಕಿದರು.

“ಮುಖ ನೋಡ್ಕೋಬಹುದು ಆಂಟಿ!” ಎಂದ ಲೇತಿನ ಕಿಟ್ಟಿ.

“ಮೊದ್ಲು ನಿನ್ ಮುಖ ತೊಳ್ಕೊಳೋ, ಗ್ರೀಸ್ ಮೆತ್ಕೊಂಡಿದೆ.”

ಇವತ್ತು ಸಾರ್ ಆ ಬೋಲ್ಟುಗಳ ಪರೀಕ್ಷೆ ಮುಗಿಸಿಕೊಂಡು ಬಂದು ಒಂದನ್ನು ಮೇಜಿನ ಮೇಲಿಟ್ಟರು. ನಟ್ಟು ಅದಕ್ಕೆ ಕಚ್ಚಿಕೊಂಡಿತ್ತು. ಕಿಟ್ಟಿ ಸ್ಪ್ಯಾನರಿಗೆ ಜೋತುಬಿದ್ದರೂ ಅಲುಗಲಿಲ್ಲ.

“ಇದನ್ನ ವೆಲ್ಡ್ ಮಾಡಿದ್ಯಾರು ಸಾರ್?”

“ಯಾರೂ ಇಲ್ಲ ಕಣೋ. ಗಾಳಿ ತೆಗೆದ ಪೆಟ್ಟಿಗೇಲಿ ತಿರುಗ್ಸಿದ್ರು, ಅಷ್ಟೆ. ಗಾಳಿ ಇಲ್ದಿರೋ ಕಡೆ ಲೋಹಕ್ಕೆ ಲೋಹ ಉಜ್ಜಿದ್ರೆ ಬೆಂಕಿ ಇಲ್ದೇನೇ ಅಂಟ್ಕೊಳ್ತದೆ. ಅದಕ್ಕೇ ಕಪ್ಪು ಲೇಪ ಹಾಕ್ಸಿದ್ದು. ಅದನ್ನ ಉಜ್ಜಿ ತೆಗ್ದಿದ್ಯಾರು?”

ಬೆಂಕಿಯಿಲ್ಲದೆ ಸ್ಟೀಲು ಬೆಸೆಯುತ್ತದೆಯೇ? ನಾನು ಕೈಯಲ್ಲಿದ್ದ ಟೇಪನ್ನು ಕತ್ತರಿಸುವುದನ್ನೇ ಮರೆತೆ. ಆಂಟಿ ಮೇಜಿನ ಹತ್ತಿರ ಬಂದರು.

“ಮಸಿ ಅಂದ್ಕೊಂಡೆ ಸಾರ್... ಕ್ಲೀನ್ ಮಾಡಿದ್ದೇ ತಪ್ಪಾ?”

ಸಾರ್ ಅವರ ಕಡೆ ತಿರುಗಿದರು. “ಯಾರು ಉಜ್ಜಿದ್ರೋ ಅವರನ್ನ ಕೆಲಸದಿಂದ ತೆಗೀರಿ ಅಂದಿದಾರೆ ಆರ್ಡರ್ ಕೊಟ್ಟ ಪಾರ್ಟಿ. ನಾಳೆ ನಾನು ಉತ್ತರ ಹೇಳ್ಬೇಕು ವಿಮಲಮ್ಮ.”

ಆಂಟಿ ಬೋಲ್ಟನ್ನು ಎತ್ತಿಕೊಂಡು ಸೆರಗಿನಲ್ಲಿ ಹಿಡಿದು ತಿರುಗಿಸಲು ನೋಡಿದರು. ಎರಡು ಸಲ. ಆಮೇಲೆ ಅದನ್ನು ಮೆಲ್ಲಗೆ ಕೆಳಗಿಟ್ಟು, ಯಾರನ್ನೂ ನೋಡದೆ ಮನೆಗೆ ಹೋದರು.

ಕಪ್ಪು ಬೋಲ್ಟುಗಳು ಬಂದಾಗ ನಾನೂ ಅಲ್ಲೇ ಇದ್ದೆ. ಅದು ಲೇಪ, ತಿಕ್ಕಬೇಡಿ ಎಂದು ನಮಗೆ ಯಾರೂ ಹೇಳಿರಲಿಲ್ಲ. ಸಾರ್ ಎದುರಿಗೆ ನಾನು ಇದುವರೆಗೆ ಹೂಂ ಬಿಟ್ಟು ಬೇರೆ ಮಾತಾಡಿಲ್ಲ. ನಾಳೆ ಅವರು ಪಾರ್ಟಿಗೆ ಫೋನ್ ಮಾಡುವ ಮೊದಲು ಅವರ ರೂಮಿನ ಒಳಗೆ ಹೋಗಿ ಇದನ್ನು ಹೇಳುತ್ತೇನೆ.